ಪುಟ್ ಅಪ್: ಕಚೇರಿ ಕಲಿಸಿದ್ದು, ಶಾಲೆ ಕಲಿಸದ್ದು

ಸರ್ಕಾರಿ ಕಚೇರಿಯಲ್ಲಿ ಒಂದು ವರ್ಷ ಕೆಲಸ ಮಾಡಿದ ಗುಮಾಸ್ತನಿಗೆ ‘ಪುಟ್ ಅಪ್’ ಅಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ‘ಫೈಲ್ ಪುಟಪ್ ಮಾಡಿ’ ಎಂದರೆ ಹಿಂದಿನ ಕಾಗದಗಳನ್ನು ಹುಡುಕಿ ಜೋಡಿಸಿ, ಟಿಪ್ಪಣಿ ಬರೆದು, ಆದೇಶಕ್ಕಾಗಿ ಮೇಲಧಿಕಾರಿಯ ಮೇಜಿಗೆ ಕಳಿಸುವುದು. ಅದರಲ್ಲಿ ಅವನು ತಪ್ಪುವುದಿಲ್ಲ. ಅದೇ ಗುಮಾಸ್ತನಿಗೆ ಇಲಾಖಾ ಪರೀಕ್ಷೆಯಲ್ಲೋ ಮಗಳ ಪಠ್ಯಪುಸ್ತಕದಲ್ಲೋ ‘ಪುಟ್ ಅಪ್ ವಿತ್’ ಎದುರಾಗಿ, ಅದನ್ನು ವಾಕ್ಯದಲ್ಲಿ ಬಳಸಬೇಕಾಗಿ ಬಂದರೆ ಪೆನ್ನು ನಿಂತುಬಿಡುತ್ತದೆ. ಇಂಗ್ಲಿಷ್ ಮೇಷ್ಟ್ರುಗಳು ಫ್ರೇಸಲ್ ವರ್ಬ್ ಎಂದು ಕರೆಯುವ ಈ ಜೋಡಿ ಮಾತುಗಳನ್ನು ಕಲಿಯುವ ಮಕ್ಕಳೂ ಕಲಿಸುವವರೂ ಇಂಗ್ಲಿಷಿನ ಅತ್ಯಂತ ಗೊಂದಲದ ಭಾಗವೆಂದೇ ತಿಳಿದಿದ್ದಾರೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಇಂಥ ರಚನೆ ನಮ್ಮ ಭಾಷೆಗಳಿಗೆ ಪರಕೀಯ ಎಂಬುದು. ತಮಿಳುನಾಡಿನಲ್ಲಿ ದಿಂಡಿಗಲ್ಲಿನಿಂದ ಪೆರಿಯಕುಳಂ ಕಡೆಗೆ ಹೋಗುವ ದಾರಿಯಲ್ಲಿರುವ ಬತ್ತಲಗುಂಡು, ಅಲ್ಲಿಂದ ಪಶ್ಚಿಮಕ್ಕೆ ತೇನಿ ಮತ್ತು ಕಂಬಂ ಕಣಿವೆ, ಒಂದು ಕಾಲದಲ್ಲಿ ಅವುಗಳ ಜೊತೆ ಒಂದೇ ಆಡಳಿತದಲ್ಲಿದ್ದ ನಮ್ಮ ಕನ್ನಡ ಜಿಲ್ಲೆಗಳು, ಇವುಗಳ ಕಳೆದ ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಆ ಕಾರಣ ನಿಲ್ಲುವುದಿಲ್ಲ. ಕಷ್ಟ ಹುಟ್ಟಿದ್ದು ವ್ಯಾಕರಣದಿಂದಲ್ಲ. ಇಂಗ್ಲಿಷ್ ನಮ್ಮಲ್ಲಿಗೆ ಯಾವ ಬಾಗಿಲಿನಿಂದ ಬಂತು ಎಂಬುದರಿಂದ.

ಮೊದಲಿಗೆ, ಈ ತೊಡಕು ನಮ್ಮೊಬ್ಬರದೇ ಅಲ್ಲ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದಕ್ಕೆ ಪುಟ್ಟ ಅವ್ಯಯವೊಂದನ್ನು ಹಚ್ಚಿ ಅರ್ಥವನ್ನೇ ತಿರುಗಿಸುವ ಈ ರೂಢಿ ಪರದೇಶದವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡ. ಅಂಥ ಜೋಡಿಗಳನ್ನು ಜತನದಿಂದ ಗುರುತಿಸಿದ್ದೇನೆ ಎಂದೂ ಹೇಳಿಕೊಂಡ. ಆದರೂ ಇವಕ್ಕೆ ಈಗಿನ ಹೆಸರು ಅಚ್ಚಿನಲ್ಲಿ ಸಿಕ್ಕಿದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ನುಡಿಗಟ್ಟುಗಳ ಮೇಲೆ ಬರೆದ ಪುಸ್ತಕದಲ್ಲಿ. ಆ ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ. ಅಂದರೆ ಮದ್ರಾಸು ಮತ್ತು ಮೈಸೂರಿನ ಶಾಲೆಗಳಲ್ಲಿ ಇಂಗ್ಲಿಷ್ ಬೇರೂರಿದ ಕಾಲವೆಲ್ಲ ಈ ಜೋಡಿಗಳು ಹೆಸರಿಲ್ಲದೆ, ಪಾಠದ ಒಂದು ಘಟಕವೂ ಆಗದೆ ಉಳಿದಿದ್ದವು. ‘ಪುಟ್ ಅಪ್’ ಒಂದನ್ನೇ ತೆಗೆದುಕೊಂಡರೂ ಅದರ ಹರಹು ದೊಡ್ಡದು. ಗೋಡೆ ಎಬ್ಬಿಸುವುದು, ಚುನಾವಣೆಗೆ ಒಬ್ಬನನ್ನು ನಿಲ್ಲಿಸುವುದು, ಆಸ್ತಿಯನ್ನು ಮಾರಾಟಕ್ಕಿಡುವುದು, ಪರವೂರಿನಲ್ಲಿ ತಂಗುವುದು ಎಲ್ಲಕ್ಕೂ ಅದೇ ಜೋಡಿ. ‘ವಿತ್’ ಸೇರಿದರೆ ಸಹಿಸಿಕೊಳ್ಳುವುದು. 1611ರ ಇಂಗ್ಲಿಷ್ ಬೈಬಲಿನಲ್ಲಿ ಕತ್ತಿಯನ್ನು ಒರೆಗೆ ಸೇರಿಸು ಎಂದು ಪೇತ್ರನಿಗೆ ಹೇಳುವ ಮಾತಿಗೂ ಇದೇ ಜೋಡಿ ಬಂದಿದೆ. ಆ ಅರ್ಥ ಈಗ ಇಂಗ್ಲಿಷಿನವರಿಗೇ ಹಳತಾಗಿದೆ. ಇಷ್ಟು ಅರ್ಥಗಳನ್ನು ‘ಇಡು’ ಮತ್ತು ‘ಮೇಲೆ’ ಎಂಬ ಎರಡು ಪದಗಳಿಂದ ತರ್ಕ ಮಾಡಿ ಹೊರಡಿಸಲು ಯಾರಿಂದಲೂ ಆಗದು.

ಆದರೆ ಇಂಥ ತರ್ಕಕ್ಕೆ ಸಿಗದ ಜೋಡಿಗಳಿಲ್ಲದೆ ಕನ್ನಡಿಗನ ಒಂದು ದಿನವೂ ಸಾಗುವುದಿಲ್ಲ. ‘ಬಿಟ್ಟುಕೊಡು’ ಎನ್ನುವಲ್ಲಿ ಯಾರೂ ಏನನ್ನೂ ಕೈಯಿಂದ ಕೊಡಬೇಕಾಗಿಲ್ಲ, ‘ಕಂಡುಹಿಡಿ’ಯುವಾಗ ಕೈ ಏನನ್ನೂ ಹಿಡಿಯುವುದಿಲ್ಲ, ‘ತಳ್ಳಿಹಾಕು’ ಎಂದಾಗ ತಳ್ಳುವುದೂ ಇಲ್ಲ, ಹಾಕುವುದೂ ಇಲ್ಲ. ಬಿಡು, ಕೊಳ್ಳು, ಹಾಕು, ನೋಡು ಎಂಬ ನಾಲ್ಕಾರು ಕ್ರಿಯೆಗಳು ಇನ್ನೊಂದರ ಹಿಂದೆ ನಿಂತಾಗ ತಮ್ಮ ಸ್ವಂತ ಅರ್ಥ ಕಳೆದುಕೊಂಡು, ಕೆಲಸ ಮುಗಿಯಿತು, ತನಗಾಗಿ ಆಯಿತು, ಒರಟಾಗಿ ನಡೆಯಿತು, ಪ್ರಯತ್ನವಾಯಿತು ಎಂಬ ಛಾಯೆಗಳನ್ನಷ್ಟೇ ಕೊಡುತ್ತವೆ. ಇಂಗ್ಲಿಷಿನಲ್ಲಿ ‘ಈಟ್ ಅಪ್’ ಎಂದಾಗ ‘ಅಪ್’ ಮಾಡುವ ಕೆಲಸವನ್ನೇ ‘ತಿಂದುಬಿಡು’ ಎಂದಾಗ ‘ಬಿಡು’ ಮಾಡುತ್ತದೆ. ಪರವೂರಿನಲ್ಲಿ ತಂಗುವುದಕ್ಕೆ ಇಂಗ್ಲಿಷಿನವನು ಮೇಲಕ್ಕೆ ಹೋಗುತ್ತಾನೆ, ‘ಎಲ್ಲಿ ಇಳಿದುಕೊಂಡಿದ್ದೀರಿ’ ಎನ್ನುವ ನಾವು ಕೆಳಕ್ಕೆ ಬರುತ್ತೇವೆ. ದಿಕ್ಕಿಗೂ ಅರ್ಥಕ್ಕೂ ನಂಟಿಲ್ಲದಿರುವುದರಲ್ಲಿ ಎರಡೂ ಒಂದೇ. ಕನ್ನಡದಲ್ಲಿರುವುದು ಕ್ರಿಯೆಗೆ ಕ್ರಿಯೆಯ ಜೋಡಿ, ಇಂಗ್ಲಿಷಿನದು ಕ್ರಿಯೆಗೆ ದಿಕ್ಕಿನ ಅವ್ಯಯದ ಜೋಡಿ, ಹೋಲಿಕೆ ಅಷ್ಟು ಸಲೀಸಲ್ಲ ಎಂದು ವ್ಯಾಕರಣ ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪ ಅರ್ಧ ಸರಿ. ಉಳಿದರ್ಧಕ್ಕೆ ಮುಂದುವರಿ, ಹಿಂಜರಿ, ಒಳಗೊಳ್ಳು, ಹೊರಬೀಳು, ಮುಂದೂಡು, ಮೇಲೆಬೀಳು ಎಂಬ ಮಾತುಗಳೇ ಉತ್ತರ. ಇವುಗಳಲ್ಲಿ ದಿಕ್ಕು ಇದೆ, ಕ್ರಿಯೆ ಇದೆ, ಎರಡೂ ಸೇರಿ ಹುಟ್ಟಿದ ಮೂರನೆಯ ಅರ್ಥವೂ ಇದೆ. ಇಂಗ್ಲಿಷಿನಲ್ಲಿ ಕರ್ಮಪದ ಜೋಡಿಯ ನಡುವೆ ನುಗ್ಗಬಲ್ಲುದು ಎಂಬುದು ನಿಜವಾದ ವ್ಯತ್ಯಾಸ; ಆದರೆ ‘ಕೊಟ್ಟೇಬಿಟ್ಟ’ ಎನ್ನುವಾಗ ನಾವೂ ಜೋಡಿಯ ನಡುವೆ ಒತ್ತು ಕೊಡುವ ‘ಏ’ಕಾರವೊಂದನ್ನು ತೂರಿಸುತ್ತೇವೆ.

ಕಂಬಂ ಕಣಿವೆ ಈ ವಾದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ತೇನಿ, ಬೋಡಿನಾಯಕನೂರು, ಕಂಬಂ ಸುತ್ತಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುವ ಒಕ್ಕಲಿಗರು, ಕಪ್ಪಿಲಿಯರು, ಅನುಪ್ಪರು ಇದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಕಪ್ಪಿಲಿಯರನ್ನೂ ಅನುಪ್ಪರನ್ನೂ ಮದುರೆ ಸೀಮೆಯ ಕನ್ನಡ ಮಾತಿನ ಬೇಸಾಯಗಾರರೆಂದೇ ದಾಖಲಿಸಿದ. ಅಲ್ಲಿ ಮನೆಮಾತು ಕನ್ನಡ, ಬೀದಿಯ ಮತ್ತು ಶಾಲೆಯ ಮಾತು ತಮಿಳು, ಇಂಗ್ಲಿಷ್ ಮೂರನೆಯದು. ತಮಿಳಿನಲ್ಲೂ ವಿಡು, ಕೊಳ್, ಪೋಡು ಎಂಬ ಕ್ರಿಯೆಗಳು ನಮ್ಮ ಬಿಡು, ಕೊಳ್ಳು, ಹಾಕುಗಳ ಹಾಗೆಯೇ ದುಡಿಯುತ್ತವೆ. ಹೀಗಾಗಿ ಆ ಕಣಿವೆಯ ಮಗು ಇಂಗ್ಲಿಷ್ ಅಕ್ಷರ ನೋಡುವ ಮೊದಲೇ ಎರಡೆರಡು ಭಾಷೆಗಳಲ್ಲಿ, ಎರಡು ಪದ ಸೇರಿ ಬೇರೆಯೇ ಅರ್ಥ ಹುಟ್ಟುವ ಜಾಡನ್ನು ಅರಗಿಸಿಕೊಂಡಿರುತ್ತದೆ. ಮನೆಯ ಕನ್ನಡದ ಜೋಡಿಗಳನ್ನು ಅದಕ್ಕೆ ಯಾವ ಶಾಲೆಯೂ ಕಲಿಸಿಲ್ಲ, ಯಾವ ಪಟ್ಟಿಯೂ ಕೊಟ್ಟಿಲ್ಲ. ಅಟ್ಟದ ಮೇಲಿನದನ್ನು ತೆಗೆದುಕೊಡು ಎಂದಾಗ ತೆಗೆದುಕೊಟ್ಟು ಕಲಿತಿದೆ. ರಚನೆಯ ಅಪರಿಚಯವೇ ಅಡ್ಡಿಯಾಗಿದ್ದರೆ ಇಂಥ ಮಗುವಿಗೆ ಇಂಗ್ಲಿಷಿನ ಜೋಡಿಗಳು ಸುಲಭವಾಗಿ ದಕ್ಕಬೇಕಿತ್ತು. ದಕ್ಕದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಆ ಬೇರೆಡೆ ಎಂದರೆ ಇಂಗ್ಲಿಷ್ ವಿದ್ಯೆಯ ಉದ್ದೇಶ. 1835ರ ಫೆಬ್ರವರಿಯಲ್ಲಿ ಮೆಕಾಲೆ ಇಂಗ್ಲಿಷ್ ವಿದ್ಯೆಯ ಪರವಾದ ತನ್ನ ಟಿಪ್ಪಣಿಯನ್ನು ಬರೆದ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ನೌಕರಿಯಲ್ಲಿ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂದು ಗೊತ್ತುಮಾಡಿದ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿ ಮೆಟ್ರಿಕ್ಯುಲೇಷನ್ ಪರೀಕ್ಷೆ ನೌಕರಿಯ ಹೆಬ್ಬಾಗಿಲಾಯಿತು. ಇತ್ತ ಮೈಸೂರಿನಲ್ಲಿ 1833ರಲ್ಲಿ ಆರಂಭವಾದ ಅರಸರ ಉಚಿತ ಇಂಗ್ಲಿಷ್ ಶಾಲೆಯಿಂದ 1858ರ ಬೆಂಗಳೂರಿನ ಹೈಸ್ಕೂಲಿನವರೆಗೆ ದಾರಿ ಅದೇ ದಿಕ್ಕಿನದು. ಹೀಗೆ ಬಂದ ಇಂಗ್ಲಿಷ್ ಅರ್ಜಿಯ, ತೀರ್ಪಿನ, ವರದಿಯ ಇಂಗ್ಲಿಷ್. ಲ್ಯಾಟಿನ್ ಮೂಲದ ಗಂಭೀರ ಪದಗಳು ಅಲ್ಲಿ ಮರ್ಯಾದಸ್ಥರು. ಮುಂದೂಡುವುದಕ್ಕೆ ‘ಪೋಸ್ಟ್‌ಪೋನ್’ ಇರುವಾಗ ‘ಪುಟ್ ಆಫ್’ ಏಕೆ, ಸಹಿಸುವುದಕ್ಕೆ ‘ಟಾಲರೇಟ್’ ಇರುವಾಗ ‘ಪುಟ್ ಅಪ್ ವಿತ್’ ಏಕೆ? ಒಂದು ಪದಕ್ಕೆ ಒಂದು ಅರ್ಥ ಕೊಡುವ ಉದ್ದ ಪದಗಳು ಕಂಠಪಾಠಕ್ಕೂ ಭಾಷಾಂತರಕ್ಕೂ ಒಗ್ಗುತ್ತಿದ್ದವು. 1902ರ ವಿಶ್ವವಿದ್ಯಾಲಯ ಆಯೋಗ, ವಿದ್ಯಾರ್ಥಿಗಳು ಮೂಲ ಓದುವುದನ್ನು ಬಿಟ್ಟು ಕೀಲಿ ಪುಸ್ತಕಗಳನ್ನೂ ನೋಟ್ಸುಗಳನ್ನೂ ಉರು ಹೊಡೆಯುತ್ತಿದ್ದಾರೆ ಎಂದು ಬೇಸರಪಟ್ಟಿತು. ನೆಸ್‌ಫೀಲ್ಡನ ವ್ಯಾಕರಣ, ಆಮೇಲೆ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್, ಇವು ಇಂಗ್ಲಿಷನ್ನು ಬಿಡಿಸಿ ಹೆಸರಿಡುವ ವಿದ್ಯೆಯನ್ನು ಚೆನ್ನಾಗಿಯೇ ಕಲಿಸಿದವು. ಅಡುಗೆಮನೆಯ, ಆಟದ ಬಯಲಿನ, ಜಗಳದ ಇಂಗ್ಲಿಷ್ ಮಾತ್ರ ಪಠ್ಯದ ಹೊರಗೇ ಉಳಿಯಿತು, ಮತ್ತು ಫ್ರೇಸಲ್ ವರ್ಬುಗಳ ತವರು ಆ ಇಂಗ್ಲಿಷೇ.

ಇಲ್ಲೊಂದು ಬಲವಾದ ಆಕ್ಷೇಪ ಬತ್ತಲಗುಂಡಿನಿಂದಲೇ ಏಳುತ್ತದೆ. ಈ ಊರು ಅಮೆರಿಕನ್ ಮದುರಾ ಮಿಷನ್ನಿನ ಕೇಂದ್ರಗಳಲ್ಲಿ ಒಂದಾಗಿತ್ತು; ಆ ಮಿಷನ್ ಮದುರೆಗೆ ಬಂದದ್ದು 1834ರಲ್ಲಿ, ಅದಕ್ಕೆ ಸೇರಿದ ಜೆ. ಎಸ್. ಚಾಂಡ್ಲರ್ 1913ರಲ್ಲಿ ಶುರುವಾದ ಮದ್ರಾಸ್ ವಿಶ್ವವಿದ್ಯಾಲಯದ ತಮಿಳು ಮಹಾನಿಘಂಟಿನ ಮೊದಲ ಸಂಪಾದಕ. ಇದೇ ಊರಿನಲ್ಲಿ 1872ರಲ್ಲಿ ಹುಟ್ಟಿದ ಬಿ. ಆರ್. ರಾಜಮ್ ಅಯ್ಯರ್, ಮದುರೆಯಲ್ಲೂ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲೂ ಓದಿ, ತಮಿಳಿನ ಮೊದಮೊದಲ ಕಾದಂಬರಿಗಳಲ್ಲೊಂದಾದ ‘ಕಮಲಾಂಬಾಳ್ ಚರಿತ್ರಂ’ ಬರೆದರು. 1896ರ ಜುಲೈಯಲ್ಲಿ ಮದ್ರಾಸಿನಲ್ಲಿ ಆರಂಭವಾದ ಇಂಗ್ಲಿಷ್ ಮಾಸಿಕ ‘ಪ್ರಬುದ್ಧ ಭಾರತ’ಕ್ಕೆ ಮೊದಲ ಸಂಪಾದಕರಾದರು. 1898ರಲ್ಲಿ, ಇಪ್ಪತ್ತಾರರ ವಯಸ್ಸಿಗೆ ತೀರಿಕೊಂಡರು. ಅವರ ಇಂಗ್ಲಿಷ್ ಬರಹಗಳು 1905ರಲ್ಲಿ ‘ರ‍್ಯಾಂಬಲ್ಸ್ ಇನ್ ವೇದಾಂತ’ ಎಂಬ ದಪ್ಪ ಪುಸ್ತಕವಾದವು. ಸಣ್ಣ ಊರಿನ ಹುಡುಗನೊಬ್ಬನನ್ನು ಇಂಗ್ಲಿಷ್ ಪತ್ರಿಕೆಯ ಸಂಪಾದಕನನ್ನಾಗಿಸಿದ ವಿದ್ಯೆಯನ್ನು ಸೋತ ವಿದ್ಯೆ ಎನ್ನುವುದು ಹೇಗೆ? ಉತ್ತರವೆಂದರೆ, ರಾಜಮ್ ಅಯ್ಯರರ ಇಂಗ್ಲಿಷ್ ಪರೀಕ್ಷೆಯಲ್ಲಿ ನಿಂತದ್ದಲ್ಲ. ಪಠ್ಯದ ಗಡಿ ದಾಟಿ ಇಂಗ್ಲಿಷ್ ಕವಿಗಳನ್ನೂ ವೇದಾಂತವನ್ನೂ ಹಸಿವಿನಿಂದ ಓದಿದವರಿಗೆ ಭಾಷೆ ತನ್ನ ಸಂದರ್ಭಗಳ ಸಮೇತ ಒಲಿಯುತ್ತದೆ. ತಿಂಗಳು ತಿಂಗಳೂ ಪತ್ರಿಕೆ ಹೊರಡಿಸುವುದು ಬಳಕೆಯ ಅತ್ಯಂತ ಕಠಿಣ ಶಾಲೆ. ಅವರ ಉದಾಹರಣೆ ಹೇಳುವುದು ಶಾಲೆಯ ಇಂಗ್ಲಿಷ್ ಸಾಕಾಗುತ್ತಿತ್ತೆಂದಲ್ಲ, ಸಾಕಾಗದ್ದನ್ನು ಓದು ಮತ್ತು ಕೆಲಸ ತುಂಬಿಕೊಟ್ಟವೆಂದು. ಆ ಓದು, ಆ ಕೆಲಸ ಎಲ್ಲರ ಪಾಲಿಗೂ ಇರಲಿಲ್ಲ.

ಆದರೆ ಒಂದು ಬಗೆಯ ಕೆಲಸ ಸಾವಿರಾರು ಜನರ ಪಾಲಿಗೆ ಬಂತು, ಕಚೇರಿಯ ಕೆಲಸ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಬತ್ತಲಗುಂಡು ಸೇರಿದ್ದ ಮದುರೆ ಜಿಲ್ಲೆಯೂ ಇತ್ತು, ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡವೂ ಬಳ್ಳಾರಿಯೂ ಇದ್ದವು, ಕೊಯಮತ್ತೂರಿನ ಭಾಗವಾಗಿ ಕೊಳ್ಳೇಗಾಲವೂ ಇತ್ತು. ಟಾಟನ್‌ಹ್ಯಾಮ್ ಎಂಬ ಐಸಿಎಸ್ ಅಧಿಕಾರಿಯ ಹೆಸರಿನಿಂದ ಪ್ರಸಿದ್ಧವಾದ ಕಡತ ಪದ್ಧತಿ ಈ ಪ್ರೆಸಿಡೆನ್ಸಿಯ ಜಿಲ್ಲಾ ಕಚೇರಿಗಳದ್ದು. ಬಂದ ಕಾಗದ ‘ಕರೆಂಟ್’ ಆಗಿ ಗುಮಾಸ್ತನ ಪರ್ಸನಲ್ ರಿಜಿಸ್ಟರಿನಲ್ಲಿ ನಮೂದಾಗಬೇಕು, ಟಿಪ್ಪಣಿಯೊಂದಿಗೆ ಪುಟ್ ಅಪ್ ಆಗಬೇಕು, ಆದೇಶವಾದ ಮೇಲೆ ಎಷ್ಟು ವರ್ಷ ಕಾಪಿಡಬೇಕು ಎಂಬುದರ ಮೇಲೆ ಡಿಸ್ಪೋಸಲಿನ ಗುರುತು ಬೀಳಬೇಕು. ಮಂಗಳೂರಿನ ಕನ್ನಡ ಗುಮಾಸ್ತ, ಮದುರೆ ಸೀಮೆಯ ತಮಿಳು ಗುಮಾಸ್ತ, ಇಬ್ಬರಿಗೂ ‘ಪುಟ್ ಅಪ್’ ಒಂದೇ ಅರ್ಥದಲ್ಲಿ ದಕ್ಕಿತು, ಏಕೆಂದರೆ ಅದರ ಹಿಂದೆ ಒಂದು ಮೇಜು, ಒಂದು ಕಡತ, ತಡವಾದರೆ ಬೈಗುಳ ಇದ್ದವು. ಲಂಡನ್ನಿನ ಮನೆಮಾತಿನಲ್ಲಿ ಈ ಅರ್ಥ ಇಲ್ಲ, ಇದು ಅಶುದ್ಧ ಇಂಗ್ಲಿಷ್ ಎನ್ನುವವರಿದ್ದಾರೆ. ಕೆಳಗಿನ ಮೇಜಿನಿಂದ ಮೇಲಿನ ಮೇಜಿಗೆ ಇಡುವುದು ಎಂಬುದಕ್ಕಿಂತ ಸಹಜವಾದ ವಿಸ್ತರಣೆ ‘ಪುಟ್ ಅಪ್’ಗೆ ಬೇರೆ ಯಾವುದಿದೆ? ಇಂಗ್ಲಿಷ್ ತನ್ನ ನೆಲದಲ್ಲಿ ಈ ಜೋಡಿಗೆ ಅರ್ಥಗಳನ್ನು ಕೂಡಿಸಿದ ರೀತಿಯಲ್ಲೇ ನಮ್ಮ ಕಚೇರಿಗಳು ಇನ್ನೊಂದನ್ನು ಕೂಡಿಸಿದವು. 1963ರ ರಾಜಭಾಷಾ ಕಾಯ್ದೆಯ ನಂತರ ಕರ್ನಾಟಕದ ಕಡತಗಳಲ್ಲಿ ‘ಮಂಡಿಸಿ’ ಎಂಬ ಕನ್ನಡ ಪದ ನೆಲೆಯೂರಿದೆ; ಬಾಯಿಮಾತಿನಲ್ಲಿ ಇಂದಿಗೂ ‘ಪುಟಪ್’ ಹೋಗಿಲ್ಲ.

ಕಚೇರಿಯ ಹೊರಗೂ ಇದೇ ಕಥೆ. ಇಂಗ್ಲಿಷ್ ಓದಲು ಬಾರದ ಪ್ರಯಾಣಿಕನಿಗೂ ಬಸ್ ಕಂಡಕ್ಟರ್ ಕೂಗುವ ‘ಹೋಲ್ಡಾನ್’ ಎಂದರೆ ಬಸ್ಸು ನಿಲ್ಲುತ್ತದೆ ಎಂದು ಗೊತ್ತು. ಅದು ಒಂದು ಅಚ್ಚುಕಟ್ಟಾದ ಫ್ರೇಸಲ್ ವರ್ಬ್. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದ ವಿದ್ಯುದ್ದೀಪ ಮನೆ ಮನೆಗೆ ಹಬ್ಬುತ್ತ ‘ಆನ್ ಮಾಡು, ಆಫ್ ಮಾಡು’ಗಳನ್ನು ತಂದಿತು, ಸಿನಿಮಾದವರು ಮೇಕಪ್, ಪ್ಯಾಕಪ್ ತಂದರು, ಗ್ಯಾರೇಜಿನವರು ಬ್ರೇಕ್‌ಡೌನ್, ಪಿಕಪ್ ತಂದರು, ಆಸ್ಪತ್ರೆ ಚೆಕಪ್ ತಂದಿತು, ಮೊಬೈಲು ಸ್ವಿಚ್ಡ್ ಆಫ್, ಲಾಗಿನ್ ತಂದಿತು. ಇವೆಲ್ಲ ಕನ್ನಡದಲ್ಲಿ ನಾಮಪದಗಳಾಗಿ ‘ಮಾಡು’, ‘ಆಗು’ಗಳ ಜೊತೆ ಕೂರುತ್ತವೆ, ‘ಲೈಟ್ ಆಫ್ ಮಾಡು’ ಎನ್ನಬಲ್ಲವನು ಇಂಗ್ಲಿಷ್ ವಾಕ್ಯದಲ್ಲಿ ಅದನ್ನು ಸರಿಯಾಗಿ ಬಳಸಬಲ್ಲ ಎಂದೇನಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. ಆದರೆ ಆ ಒಪ್ಪಿಗೆಯಿಂದ ಹೊರಡುವ ತೀರ್ಮಾನವೇ ಬೇರೆ. ಕಷ್ಟದ ಭಾಗ ಎಂದು ಎಲ್ಲರೂ ಅನ್ನುವ ಅರ್ಥವನ್ನು ಜನ ಮೇಷ್ಟ್ರಿಲ್ಲದೆ ಗಳಿಸಿದ್ದಾರೆ. ಉಳಿದದ್ದು ವಾಕ್ಯದಲ್ಲಿ ಅದನ್ನು ಕೂರಿಸುವ ಅಭ್ಯಾಸ, ಮತ್ತು ಅಭ್ಯಾಸ ಮಾಡಿಸುವುದು ಶಾಲೆಗೆ ಸಾಧ್ಯವಿರುವ ಕೆಲಸ. ನಮ್ಮವರು ಆಗಾಗ ಬರೆಯುವ ‘ಕೋಪ್ ಅಪ್ ವಿತ್’ ಎಂಬ ತಪ್ಪೂ ಇದನ್ನೇ ಹೇಳುತ್ತದೆ. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ಗಳ ಜಾಡು ಹಿಡಿದ ಮನಸ್ಸು ಅದನ್ನು ಬೇಡದ ಕಡೆಗೂ ಒಯ್ದಿದೆ. ರಚನೆ ತಿಳಿಯದವನು ಮಾಡುವ ತಪ್ಪು ಇದಲ್ಲ. ತಿಳಿದೂ, ಸಾಕಷ್ಟು ಬಾರಿ ಕೇಳದವನು ಮಾಡುವ ತಪ್ಪು.

ಈ ತೀರ್ಮಾನವನ್ನು ನಮ್ಮ ನಾಡಿನ ಸಾಕ್ಷ್ಯದ ಮೇಲಷ್ಟೇ ನಿಲ್ಲಿಸಬೇಕಾಗಿಲ್ಲ. 1985ರಲ್ಲಿ ಡಗಟ್ ಮತ್ತು ಲೌಫರ್ ಎಂಬ ಸಂಶೋಧಕರು ಹೀಬ್ರೂ ಮಾತಾಡುವ ವಿದ್ಯಾರ್ಥಿಗಳು ಫ್ರೇಸಲ್ ವರ್ಬುಗಳನ್ನು ತಪ್ಪಿಸಿ ಒಂಟಿ ಕ್ರಿಯಾಪದಗಳನ್ನೇ ಆರಿಸುವುದನ್ನು ಕಂಡು, ಹೀಬ್ರೂವಿನಲ್ಲಿ ಅಂಥ ರಚನೆ ಇಲ್ಲದಿರುವುದೇ ಕಾರಣ ಎಂದರು. ಇದು ಪರಕೀಯತೆಯ ವಾದಕ್ಕೆ ಸಿಕ್ಕ ದೊಡ್ಡ ಬೆಂಬಲ. ಆದರೆ 1989ರಲ್ಲಿ ಹುಲ್‌ಸ್ಟೈನ್ ಮತ್ತು ಮಾರ್ಚೆನಾ, ಅಂಥ ರಚನೆ ತಮ್ಮ ಭಾಷೆಯಲ್ಲೇ ಇರುವ ಡಚ್ಚರನ್ನು ಪರೀಕ್ಷಿಸಿದಾಗ, ಅವರೂ ನುಡಿಗಟ್ಟಿನ ಅರ್ಥದ ಕೆಲವು ಜೋಡಿಗಳಿಂದ ದೂರ ಸರಿಯುತ್ತಿದ್ದರು. 2004ರಲ್ಲಿ ಲಿಯಾವೊ ಮತ್ತು ಫುಕುಯ ಚೀನೀ ವಿದ್ಯಾರ್ಥಿಗಳನ್ನು ನೋಡಿದರು. ಚೀನೀ ಭಾಷೆ ಇಂಗ್ಲಿಷಿಗೆ ಡಚ್ಚಿನಷ್ಟು ಹತ್ತಿರದ್ದಲ್ಲ, ಆದರೂ ಇಂಗ್ಲಿಷ್ ವಾತಾವರಣದಲ್ಲಿ ಹೆಚ್ಚು ಕಾಲ ಕಳೆದ, ಮುಂದುವರಿದ ಹಂತದವರು ಈ ಜೋಡಿಗಳನ್ನು ಬಹುತೇಕ ಇಂಗ್ಲಿಷಿನವರ ಹಾಗೆಯೇ ಬಳಸಿದರು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ತಾಯಿನುಡಿಯ ಪಾತ್ರ ಇಲ್ಲವೆಂದಲ್ಲ, ಅದೊಂದೇ ಗೆರೆ ಕೊರೆಯುವುದಿಲ್ಲ. ಎಷ್ಟು ಕೇಳಿದ್ದೀರಿ, ಯಾವ ಸಂದರ್ಭದಲ್ಲಿ ಕೇಳಿದ್ದೀರಿ ಎಂಬುದು ಅದಕ್ಕಿಂತ ತೂಕದ್ದು.

ಹಾಗಾದರೆ ನಿಘಂಟುಗಳೂ ಪಟ್ಟಿಗಳೂ ವ್ಯರ್ಥವೇ? ಅಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ 1942ರಲ್ಲಿ ಟೋಕಿಯೊದಲ್ಲಿ ಹೊರತಂದ, 1948ರಲ್ಲಿ ಆಕ್ಸ್‌ಫರ್ಡ್ ಮತ್ತೆ ಅಚ್ಚುಹಾಕಿದ ಕಲಿಯುವವರ ನಿಘಂಟು, ಕಲಿಯುವವರಿಗೆ ಪದದ ಅರ್ಥಕ್ಕಿಂತ ಅದು ವಾಕ್ಯದಲ್ಲಿ ಕೂರುವ ಬಗೆ ಮುಖ್ಯ ಎಂದು ತೋರಿಸಿತು. ಅದು ಉಪಕಾರವೇ. ಆದರೆ ಪದಗಳನ್ನು ಕಡಿಮೆ ಮಾಡಿದರೆ ಭಾಷೆ ಸುಲಭವಾಗುತ್ತದೆ ಎಂದು 1930ರಲ್ಲಿ 850 ಪದಗಳ ಬೇಸಿಕ್ ಇಂಗ್ಲಿಷನ್ನು ಕಟ್ಟಿದ ಸಿ. ಕೆ. ಆಗ್ಡನ್ನನ ಅನುಭವ ಎಚ್ಚರಿಕೆಯ ಮಾತೂ ಹೌದು. ಬೆರಳೆಣಿಕೆಯ ಕ್ರಿಯಾಪದಗಳಿಗೆ ಅವ್ಯಯಗಳನ್ನು ಕಟ್ಟಿ ಕೆಲಸ ಸಾಗಿಸಬೇಕಾದಾಗ, ಪದಗಳ ಲೆಕ್ಕದಲ್ಲಿ ಕಾಣದ ಹೊರೆ ಜೋಡಿಗಳಲ್ಲಿ ಅಡಗಿ ಕುಳಿತಿತ್ತು. ಬಂಗಾಳದಲ್ಲಿ ಇಂಗ್ಲಿಷ್ ಕಲಿಸಿದ್ದ ಮೈಕೆಲ್ ವೆಸ್ಟ್ 1934ರಲ್ಲಿ ಆಗ್ಡನ್ನನ ಯೋಜನೆಯನ್ನು ಕಟುವಾಗಿ ವಿಮರ್ಶಿಸಿದ. ಪದಗಳ ಪಟ್ಟಿ ಕಟ್ಟುವುದಕ್ಕೆ ವಿರುದ್ಧವಾದ ದಾರಿಯನ್ನು ನಮ್ಮ ಕಡೆಯ ತರಗತಿಗಳೇ ಹಿಡಿದವು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಬೆಂಗಳೂರು, ಮದ್ರಾಸು ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿಗೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಪರಿಚಿತ. ಅಲ್ಲಿ ವ್ಯಾಕರಣದ ಪಟ್ಟಿ ಇರಲಿಲ್ಲ. ರೈಲಿನ ವೇಳಾಪಟ್ಟಿ ಓದಿ ಪ್ರಯಾಣ ಗೊತ್ತುಮಾಡುವುದು, ನಕ್ಷೆ ನೋಡಿ ದಾರಿ ಹೇಳುವುದು ಮುಂತಾದ ಕೆಲಸಗಳಿದ್ದವು. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಎಚ್ಚರಿಕೆಯ ಮಾತುಗಳೊಂದಿಗೇ ಆ ದಾರಿಗೆ ಬೆಂಬಲ ಕೊಟ್ಟಿತು. ಆ ಪ್ರಯೋಗ ಫ್ರೇಸಲ್ ವರ್ಬಿಗಾಗಿ ನಡೆದದ್ದಲ್ಲ, ಅದರ ಫಲ ಎಲ್ಲ ಸಂದೇಹಗಳನ್ನೂ ತೀರಿಸಲೂ ಇಲ್ಲ. ಆದರೆ ಕೆಲಸದ ನಡುವೆ ಭಾಷೆ ಕಲಿಯಬಹುದು ಎಂಬ ಅದರ ನಂಬಿಕೆ ಹೊಸದೇನಲ್ಲ. ಪ್ರೆಸಿಡೆನ್ಸಿಯ ಗುಮಾಸ್ತರು ಅದನ್ನು ದಶಕಗಳ ಹಿಂದೆಯೇ ತಮಗರಿವಿಲ್ಲದೆ ಸಾಬೀತುಪಡಿಸಿದ್ದರು.

ಆದ್ದರಿಂದ ಹತ್ತನೆಯ ತರಗತಿಯ ಮಗುವಿನ ಮುಂದೆ ಐವತ್ತು ಜೋಡಿಗಳ ಪಟ್ಟಿಯನ್ನು ಅರ್ಥಸಹಿತ ಇಟ್ಟು, ನಾಳೆ ಒಪ್ಪಿಸು ಎನ್ನುವುದು 1857ರ ಮೆಟ್ರಿಕ್ಯುಲೇಷನ್ ಕಾಲದ ರೂಢಿಯ ಮುಂದುವರಿಕೆ ಮಾತ್ರ. ಪಟ್ಟಿಯ ಬದಲು ಒಂದು ಜೋಡಿಗೆ ನಾಲ್ಕು ಸಂದರ್ಭ ಬೇಕು: ಡೇರೆ ಎಬ್ಬಿಸುವುದು, ಅತಿಥಿಯನ್ನು ಇಳಿಸಿಕೊಳ್ಳುವುದು, ಶಾಲೆಯ ಚುನಾವಣೆಗೆ ಒಬ್ಬಳನ್ನು ನಿಲ್ಲಿಸುವುದು, ಪಕ್ಕದ ಬೆಂಚಿನವನ ಗಲಾಟೆಯನ್ನು ಸಹಿಸಿಕೊಳ್ಳುವುದು. ಅದಕ್ಕೂ ಮೊದಲು, ‘ಇಳಿದುಕೊ’ ಎಂಬಲ್ಲಿ ಇಳಿಯುವುದೂ ಕೊಳ್ಳುವುದೂ ಎಲ್ಲಿ ಹೋದವು ಎಂದು ಮಗುವನ್ನು ಕೇಳಬೇಕು; ಬತ್ತಲಗುಂಡಿನ ತರಗತಿಯಾದರೆ ಅದನ್ನೇ ತಮಿಳಿನಲ್ಲೂ ಕೇಳಬಹುದು. ಇಂಗ್ಲಿಷ್ ತರಗತಿಯಲ್ಲಿ ಮನೆಮಾತಿಗೆ ಬಾಗಿಲು ತೆರೆದರೆ ಇಂಗ್ಲಿಷ್ ಹಿಂದೆ ಬೀಳುತ್ತದೆ ಎಂಬ ಹೆದರಿಕೆಗೆ ಈ ಒಂದು ವಿಷಯದಲ್ಲಂತೂ ಆಧಾರವಿಲ್ಲ. ತನ್ನ ಮನೆಮಾತಿನಲ್ಲಿ ದಿನಕ್ಕೆ ನೂರು ಸಲ ತಾನೇ ಮಾಡುವ ಕೆಲಸವನ್ನು ಇಂಗ್ಲಿಷ್ ಇನ್ನೊಂದು ರೀತಿಯಲ್ಲಿ ಮಾಡುತ್ತಿದೆ ಎಂದು ಗೊತ್ತಾದ ಮಗುವಿಗೆ ಉಳಿಯುವುದು ಬಳಸಿ ಬಳಸಿ ಪಳಗುವ ಕೆಲಸ. ಅದಕ್ಕೆ ಬೇಕಾದ ಸಮಯವನ್ನು ಪಟ್ಟಿ ಒಪ್ಪಿಸುವುದರಿಂದ ಉಳಿಸಿಕೊಡುವುದು ಪಠ್ಯ ಗೊತ್ತುಮಾಡುವವರ ಕೈಯಲ್ಲಿದೆ.